ಬಿಡಿಸಿಕೊಂಡ ಹೊಲಕ್ಕೆ ಯಜಮಾನ ಯಾರು?

(ಚಿಕ್ಕಬಳ್ಳಾಪುರದಲ್ಲಿ ಸೇರಿದ್ದ ಹಾಸ್ಟೆಲ್ ವಿದ್ಯಾರ್ಥಿಗಳ ಸಭೆಯಲ್ಲಿ ಆಡಿದ ಮಾತು. ಗೌರಿಬಿದನೂರು, ಚಿಂತಾಮಣಿ, ಶಿಡ್ಲಘಟ್ಟದ ಹಾಸ್ಟೆಲುಗಳಿಂದಲೂ ಗೆಳೆಯರು ಬಂದಿದ್ದರು. ಬರೆದುಕೊಡಿ ಎಂದು ಕೇಳಿದ್ದಕ್ಕೆ ಆಡಿದ ಹಾಗೇ ಬರೆದಿದ್ದೇನೆ.)



ನನ್ನನ್ನು ಇಲ್ಲಿಗೆ ಪದ್ಯ ಓದು ಅಂತ ಕರೆದರು. ಇವತ್ತು ಪದ್ಯ ಓದೋದಿಲ್ಲ. ಜೇಬಲ್ಲಿ ಒಂದು ಪಹಣಿ ಇಟ್ಟುಕೊಂಡು ಬಂದಿದ್ದೀನಿ. ಅದನ್ನೇ ಓದ್ತೀನಿ. ಮೂರು ವರ್ಷ ಬಿ.ಎ. ಓದಿದೆ. ಹಳಗನ್ನಡದ ಪದ್ಯಕ್ಕೆ ಅರ್ಥ ಹೇಳಬಲ್ಲೆ. ಆದರೆ ನಮ್ಮ ಮನೆಯ ಪಹಣಿಗೆ ಅರ್ಥ ಹೇಳೋದು ನನಗೆ ಯಾವ ಮೇಷ್ಟ್ರೂ ಕಲಿಸಲಿಲ್ಲ. ನಿಮಗೂ ಕಲಿಸಿರೋದಿಲ್ಲ. ಅದಕ್ಕೇ ಈ ಮಾತು.

ಮೊದಲು ನಮ್ಮ ತಾತನ ಕಥೆ ಹೇಳಿಬಿಡ್ತೀನಿ. ಊರ ಹೆಸರು ಬೇಡ, ಆ ಮನೆಯವರ ಹೆಸರೂ ಬೇಡ. ಅವರನ್ನು ದೊಡ್ಡಮನೆಯವರು ಅಂತ ಕರೀತೀನಿ. ಅಂಥ ಒಂದು ಮನೆ ನಿಮ್ಮೂರಲ್ಲೂ ಇದ್ದೇ ಇರುತ್ತೆ.

ನಮ್ಮ ತಾತ ಊರ ತೋಟಿ. 1961ರ ಕಾಯ್ದೆಯಿಂದ ಊರಿನ ವಂಶಪಾರಂಪರ್ಯ ಹುದ್ದೆಗಳು ರದ್ದಾದವು ಅಂತ ಪುಸ್ತಕದಲ್ಲಿದೆ. ರದ್ದಾದದ್ದು ಹುದ್ದೆ. ಕೆಲಸ ರದ್ದಾಗಲಿಲ್ಲ. ಸತ್ತ ದನ ಎಳೆಯೋದು, ಸಾವಿನ ಸುದ್ದಿ ಹೊತ್ತು ಹತ್ತು ಊರು ತಿರುಗೋದು, ತಮಟೆ ಬಾರಿಸಿ ಸಾರೋದು ಎಲ್ಲಾ ಹಾಗೇ ನಡೀತಿತ್ತು. ಈ ತಾತನಿಗೆ ಸರ್ಕಾರ 1965ರಲ್ಲಿ ದರಖಾಸ್ತಿನಲ್ಲಿ 1 ಎಕರೆ 30 ಗುಂಟೆ ಮಂಜೂರು ಮಾಡಿತು. ಗುಡ್ಡದ ಬುಡದ ಕಲ್ಲು ನೆಲ. ತಾತ, ಅಜ್ಜಿ ಕಲ್ಲು ಆರಿಸಿ ಬದು ಹಾಕಿ ರಾಗಿ ಬಿತ್ತಿದರು, ನಡುನಡುವೆ ಅವರೆ ಸಾಲು. ಸಾಗುವಳಿ ಚೀಟಿಯಲ್ಲಿ ಒಂದು ಷರತ್ತು ಬರೆದಿತ್ತು: 15 ವರ್ಷ ಪರಭಾರೆ ಮಾಡಕೂಡದು. ಅಂದರೆ ಮಾರಬಾರದು, ಅಡವಿಡಬಾರದು, ದಾನ ಕೊಡಬಾರದು. ತಾತನಿಗೆ ಓದು ಬರ್ತಿರಲಿಲ್ಲ. ಆ ಚೀಟಿಯನ್ನು ರಾಗಿ ಮಡಕೆಯಲ್ಲಿ ಮಡಚಿ ಇಟ್ಟಿದ್ದ.

ಎತ್ತಿಗೆ ಅಂತ ತಕಾವಿ ಸಾಲ ತಗೊಂಡ. ಮಳೆ ಎರಡು ವರ್ಷ ಕೈಕೊಟ್ಟಿತು. ಒಂದು ಎತ್ತೂ ಸತ್ತಿತು. ತಕಾವಿ ಸಾಲವನ್ನು ಭೂಕಂದಾಯದ ಬಾಕಿ ಥರಾನೇ ವಸೂಲಿ ಮಾಡ್ತಾರೆ. ಕಂದಾಯ ಎಷ್ಟೋ ಅಷ್ಟೇ, ಕೆಲವು ರೂಪಾಯಿ. ಸಾಲ ಸೇರಿ ಬಾಕಿ ನೂರು ದಾಟಿತು. ನೋಟೀಸು ಬಂತು. ಓದೋರು ಯಾರು? 1973ರಲ್ಲಿ ಹರಾಜಿಗೆ ದಿನ ಗೊತ್ತಾಯಿತು.

ಹರಾಜನ್ನು ಊರಿಗೆ ಸಾರಬೇಕು. ಕೋರ್ಟಿನ ಜಪ್ತಿಗೆ ಸಿವಿಲ್ ಪ್ರಕ್ರಿಯಾ ಸಂಹಿತೆಯಲ್ಲೇ ತಮಟೆ ಬಾರಿಸಿ ಸಾರೋ ಮಾತು ಬರೆದಿದೆ. ನಮ್ಮೂರಲ್ಲಿ ತಮಟೆ ಯಾರ ಕೈಲಿತ್ತು? ತಾತನ ಕೈಲಿ. ತನ್ನ ಹೊಲದ ಹರಾಜನ್ನು ತಾನೇ ತಮಟೆ ಬಾರಿಸಿ ಬೀದಿ ಬೀದಿ ಸಾರಿಕೊಂಡು ಬಂದ. ಅಜ್ಜಿ ಇದನ್ನು ಹೇಳೋವಾಗ ಅಳ್ತಿರಲಿಲ್ಲ. ‘ಅವತ್ತು ಸಾರಿದ್ದಕ್ಕೂ ನಿಮ್ಮ ತಾತನಿಗೆ ಒಂದು ಸೇರು ರಾಗಿ ಕೊಟ್ರು ಕಣೋ’ ಅಂತಿದ್ಲು.

ದೊಡ್ಡಮನೆಯವರೇ ಕೂಗಿದರು. ಅವರಿಗೇ ನಿಂತಿತು.

ಇಲ್ಲಿ ಕಥೆ ನಿಲ್ಲಿಸಿ ಕಾನೂನು ಹೇಳ್ತೀನಿ. ಕಂದಾಯದ ಬಾಕಿಗೆ ಹೊಲ ಹರಾಜಾದರೆ ಅವತ್ತೇ ಹೊಲ ಹೋಯ್ತು ಅಂತ ನಮ್ಮೋರು ತಿಳೀತಾರೆ. ಹಾಗಲ್ಲ. ಕರ್ನಾಟಕ ಭೂಕಂದಾಯ ಕಾಯ್ದೆ 1964ರ ಪ್ರಕಾರ ಹರಾಜಾದ ದಿನದಿಂದ 30 ದಿನ ಗಡುವಿದೆ. ಅಷ್ಟರಲ್ಲಿ ಹೊಲದವನು ಬಾಕಿಯನ್ನೂ, ಕೂಗಿದ ಹಣದ ಮೇಲೆ ನೂರಕ್ಕೆ 5ರಂತೆ ಕೊಂಡವನಿಗೆ ಪರಿಹಾರವನ್ನೂ ಠೇವಣಿ ಕಟ್ಟಿ ಅರ್ಜಿ ಕೊಟ್ಟರೆ ಹರಾಜು ರದ್ದು. ಹರಾಜು ಊರ್ಜಿತ ಆಗೋ ತನಕ ಕೂಗಿದವನು ಬರೀ ಕೂಗಿದವನು, ಯಜಮಾನ ಅಲ್ಲ. ಸಿವಿಲ್ ಕೋರ್ಟಿನ ಡಿಕ್ರಿಗೆ ಹರಾಜಾದರೂ ಇದೇ ದಾರಿ ಇದೆ. ಅಲ್ಲೂ ನೂರಕ್ಕೆ 5, ಆದರೆ ಗಡುವು ಈಗ 60 ದಿನ. ಎರಡನ್ನೂ ಬೆರೆಸಿ ಗೊಂದಲ ಮಾಡಿಕೊಳ್ಳಬೇಡಿ.

ಹಾಗೆ ಬಿಡಿಸಿಕೊಂಡ ಮೇಲೆ ಹೊಲದವನ ಹಕ್ಕೇನು? ಇವತ್ತಿನ ಮಾತೆಲ್ಲಾ ಇದೇ. ಬಿಡಿಸಿಕೊಳ್ಳೋದು ಅಂದರೆ ಹೊಸದಾಗಿ ಕೊಂಡುಕೊಳ್ಳೋದಲ್ಲ. ಹರಾಜೇ ಅಳಿಸಿಹೋಗುತ್ತೆ. ಹಳೇ ಹಕ್ಕು ಹಳೇ ಚಕ್ಕುಬಂದಿಯ ಸಮೇತ ಇದ್ದಲ್ಲೇ ಇರುತ್ತೆ. ಹೊಸ ಕ್ರಯಪತ್ರ ಬೇಡ, ಹೊಸ ಮಂಜೂರಾತಿ ಬೇಡ. ಕೂಗಿದವನಿಗೆ ಅವನು ಕಟ್ಟಿದ ಹಣ ವಾಪಸ್ಸು, ಮೇಲೆ ಆ ನೂರಕ್ಕೆ 5. ಅಷ್ಟಕ್ಕೆ ಅವನ ಲೆಕ್ಕ ಚುಕ್ತಾ. ಬೆಳೆಯಲ್ಲಿ ಪಾಲಿಲ್ಲ, ಬದುವಿನ ಹೊಂಗೆ ಮರದಲ್ಲಿ ಪಾಲಿಲ್ಲ. ನಿನ್ನ ಹೊಲ ನಾನು ಬಿಟ್ಟುಕೊಟ್ಟೆ ಅಂತ ಋಣ ಹೊರಿಸೋ ಹಕ್ಕೂ ಇಲ್ಲ.

ಕಾನೂನು ಹೀಗಿದೆ. ಊರು ಹೇಗಿತ್ತು ಕೇಳಿ.

ಅಜ್ಜಿ ವಾಲೆ ಮಾರಿದಳು, ಎರಡು ಮೇಕೆ ಮಾರಿದಳು. ಸಾಲಲಿಲ್ಲ. ಗಡುವಿಗೆ ನಾಲ್ಕು ದಿನ ಉಳಿದಿತ್ತು. ಮಿಕ್ಕ ದುಡ್ಡು ಯಾರು ಕೊಟ್ಟರು? ದೊಡ್ಡಮನೆಯವರೇ! ‘ಬಿಡು, ನಿನ್ನ ಹೊಲ ನಂಗ್ಯಾಕೆ. ನೀನೇ ಬಿಡಿಸ್ಕೊ. ದುಡ್ಡು ನಾನು ಕೊಡ್ತೀನಿ, ತೀರಿಸೋ ಗಂಟ ಹೊಲ ಭೋಗ್ಯಕ್ಕಿರಲಿ’ ಅಂದರು. ತಾತ ಕೈಮುಗಿದ. ‘ನಿಮ್ಮ ಧರ್ಮ ಸಾಮಿ’ ಅಂದ. ಹರಾಜು ರದ್ದಾಯಿತು. ಅದೇ ದಿನ ಹೊಲ ಭೋಗ್ಯಕ್ಕೆ ಹೋಯಿತು. ಸರ್ಕಾರದ ಕೈಯಿಂದ ಬಿಡಿಸಿಕೊಂಡ ಹೊಲ ಮನೆಗೆ ಬರಲಿಲ್ಲ, ತಾಲೂಕು ಆಫೀಸಿನಿಂದ ನೆಟ್ಟಗೆ ದೊಡ್ಡಮನೆಗೆ ಹೋಯಿತು. 1978ರಲ್ಲಿ ಭೋಗ್ಯದ ಕಾಗದ ತಿದ್ದಬೇಕು ಅಂತ ತಾತನ ಹೆಬ್ಬೆಟ್ಟು ಒತ್ತಿಸಿಕೊಂಡರು. ಅದು ಕ್ರಯಪತ್ರ ಅಂತ ಗೊತ್ತಾಗಿದ್ದು ತಾತ ಸತ್ತ ಮೇಲೆ.

ಆಮೇಲಿನ ವರ್ಷಗಳಲ್ಲಿ ತಾತ, ಅಜ್ಜಿ, ನಮ್ಮಪ್ಪ ಅದೇ ಹೊಲಕ್ಕೆ ಕೂಲಿಗೆ ಹೋದರು. ಕಂದಾಯ ದೊಡ್ಡಮನೆಯವರು ಕಟ್ಟಿದರು. ‘ಕಂದಾಯ ಕಟ್ಟಿದೋರ್ದೇ ಹೊಲ’ ಅಂತ ಊರೆಲ್ಲಾ ಅಂತಿತ್ತು, ನಮ್ಮಪ್ಪನೂ ಅಂತಿದ್ದ. ಗೆಳೆಯರೆ, ಇದೊಂದನ್ನು ನಿಮ್ಮ ಅಪ್ಪಂದಿರ ತಲೆಯಿಂದ ತೆಗೀರಿ. ಕಂದಾಯದ ರಸೀದಿ ಕಂದಾಯ ಕಟ್ಟಿದ್ದಕ್ಕೆ ಸಾಕ್ಷಿ. ಹಕ್ಕನ್ನು ಅದು ಹುಟ್ಟಿಸೋದಿಲ್ಲ. ಯಾರದೋ ಮನೆಯ ಕರೆಂಟು ಬಿಲ್ಲು ನಾನು ಕಟ್ಟಿದರೆ ಆ ಮನೆ ನನ್ನದಾಗುತ್ತಾ?

ಈಗ ಎರಡನೇ ಕಾನೂನು. ದೇವರಾಜ ಅರಸು ಸರ್ಕಾರದ ಕಾಲದ್ದು, 1978ರ ಹೆಸರಿನದು, ಜಾರಿಗೆ ಬಂದದ್ದು 1979ರ ಜನವರಿ 1ಕ್ಕೆ. ಹೆಸರು ಉದ್ದ: ಕರ್ನಾಟಕ ಅನುಸೂಚಿತ ಜಾತಿಗಳು ಮತ್ತು ಅನುಸೂಚಿತ ಪಂಗಡಗಳ ಕೆಲವು ಜಮೀನುಗಳ ಪರಭಾರೆ ನಿಷೇಧ ಕಾಯ್ದೆ. ಆಫೀಸುಗಳಲ್ಲಿ ಪಿ.ಟಿ.ಸಿ.ಎಲ್. ಅಂತಾರೆ. ಪರಿಶಿಷ್ಟರಿಗೆ ಸರ್ಕಾರ ಮಂಜೂರು ಮಾಡಿದ ಭೂಮಿಯನ್ನು ಮಂಜೂರಾತಿ ಷರತ್ತಿಗೆ ವಿರುದ್ಧವಾಗಿ ಯಾರಾದರೂ ಕೊಂಡಿದ್ದರೆ, ಅದು ಕಾಯ್ದೆ ಬರೋಕೆ ಮುಂಚೆ ಆಗಿದ್ದರೂ ಸರಿ, ಆಮೇಲೆ ಆಗಿದ್ದರೂ ಸರಿ, ಆ ವ್ಯವಹಾರ ಅಸಿಂಧು. 1979ರಿಂದ ಮೇಲೆ ಸರ್ಕಾರದ ಪೂರ್ವಾನುಮತಿ ಇಲ್ಲದೆ ಅಂಥ ಭೂಮಿ ಕೊಳ್ಳುವ ಹಾಗೇ ಇಲ್ಲ. ಪರಭಾರೆ ಅಂದರೆ ಬರೀ ಮಾರಾಟ ಅಲ್ಲ. ಭೋಗ್ಯ, ಗುತ್ತಿಗೆ, ಅದಲುಬದಲು, ದಾನ, ಕರಾರುಪತ್ರ ಎಲ್ಲಾ ಅದರಲ್ಲಿ ಸೇರಿದೆ. ಹಾಗಾಗಿ ನಮ್ಮ ತಾತನ ಭೋಗ್ಯವೂ ಹೋಯಿತು, ಹೆಬ್ಬೆಟ್ಟಿನ ಕ್ರಯಪತ್ರವೂ ಹೋಯಿತು. ಎರಡೂ 15 ವರ್ಷದ ಒಳಗೇ ಆಗಿದ್ದವು.

ಹರಾಜಿನ ಬಗ್ಗೆಯೂ ಇದರಲ್ಲಿ ಮಾತಿದೆ. 4ನೇ ಸೆಕ್ಷನ್‌ನ 3ನೇ ಉಪಸೆಕ್ಷನ್ ನೋಡಿ: ಸಿವಿಲ್ ಕೋರ್ಟಿನ ಡಿಕ್ರಿಗೋ, ಬೇರೆ ಯಾವುದೇ ಅಧಿಕಾರಿಯ ಆದೇಶಕ್ಕೋ ಆದ ಮಾರಾಟಕ್ಕೂ ಈ ನಿಷೇಧ ಅನ್ವಯಿಸುತ್ತೆ ಅಂತಿದೆ. ಹರಾಜಿನಲ್ಲಿ ತಗೊಂಡಿದ್ದೀನಿ ಅಂತ ಹೇಳಿಬಿಟ್ಟರೆ ಕೊಂಡವನು ಗೆದ್ದ ಹಾಗಲ್ಲ. ಆದರೆ 7ನೇ ಸೆಕ್ಷನ್‌ನಲ್ಲಿ ಸರ್ಕಾರಕ್ಕೆ, ಸ್ಥಳೀಯ ಸಂಸ್ಥೆಗೆ, ಬ್ಯಾಂಕಿಗೆ ಆದ ಪರಭಾರೆಗೆ ವಿನಾಯಿತಿ ಇದೆ. ಬ್ಯಾಂಕಿಗೆ ಅಡ ಇಡೋವಾಗ ಇದನ್ನು ನೆನಪಿಡಿ.

ಕೊಂಡವರು ಸುಪ್ರೀಂ ಕೋರ್ಟಿನ ತನಕ ಹೋದರು. 1984ರಲ್ಲಿ ಮಂಚೇಗೌಡ ಕೇಸಿನಲ್ಲಿ ಈ ಕಾಯ್ದೆ ಸಿಂಧು ಅಂತ ತೀರ್ಪಾಯಿತು. ಆಮೇಲೆ 2017ರಲ್ಲಿ ನೆಕ್ಕಂಟಿ ರಾಮಲಕ್ಷ್ಮಿ ಕೇಸಿನಲ್ಲಿ ಅದೇ ಕೋರ್ಟು, ಕಾಯ್ದೆ ಬಂದು ಸುಮಾರು 25 ವರ್ಷ ಆದ ಮೇಲೆ ಕೊಟ್ಟ ಅರ್ಜಿ ತಡವಾಯಿತು ಅಂದಿತು. ಆ ಒಂದು ಮಾತು ಹಿಡಿದುಕೊಂಡು ನಮ್ಮವರ ಅರ್ಜಿಗಳನ್ನು ವಜಾ ಮಾಡೋಕೆ ಶುರುವಾಯಿತು. ಅದರ ವಿರುದ್ಧ ದಲಿತ ಸಂಘಟನೆಗಳು ಬೀದಿಗಿಳಿದವು. 2023ರಲ್ಲಿ ವಿಧಾನಮಂಡಲ ಕಾಯ್ದೆಗೆ ತಿದ್ದುಪಡಿ ತಂದು, ಅರ್ಜಿ ಹಾಕೋಕೆ ಕಾಲಮಿತಿ ಇಲ್ಲ ಅಂತ ಬರೆಯಿತು. ಹಾಗಂತ ಸುಮ್ಮನೆ ಕೂರಬೇಡಿ. ತಡವಾದ ಪ್ರಶ್ನೆಯನ್ನು ಎದುರು ಪಾರ್ಟಿಯವರು ಈಗಲೂ ಹೈಕೋರ್ಟಿನಲ್ಲಿ ಎತ್ತುತ್ತಲೇ ಇದ್ದಾರೆ.

ನಮ್ಮಪ್ಪ 1996ರಲ್ಲಿ ಉಪವಿಭಾಗಾಧಿಕಾರಿಗೆ, ಅಂದರೆ ಎ.ಸಿ.ಗೆ ಅರ್ಜಿ ಕೊಟ್ಟ. 2003ರಲ್ಲಿ ನಮ್ಮ ಪರ ಆದೇಶ ಆಯಿತು. ದೊಡ್ಡಮನೆಯವರು ಡಿ.ಸಿ.ಗೆ ಅಪೀಲು ಹೋದರು. ಚಿಕ್ಕಬಳ್ಳಾಪುರ ಜಿಲ್ಲೆಯಾಗಿದ್ದು 2007ರಲ್ಲಿ. ಅಲ್ಲೀವರೆಗೂ ಡಿ.ಸಿ. ಆಫೀಸು ಕೋಲಾರದಲ್ಲಿ. ಒಂದು ವಾಯಿದೆಗೆ ಒಂದು ದಿನದ ಕೂಲಿ ಹೋಗಿ, ಬಸ್ ಚಾರ್ಜಿಗೆ ಇನ್ನೊಂದು ದಿನದ ಕೂಲಿ ಹೋಗ್ತಿತ್ತು. ಗೌರಿಬಿದನೂರಿನ ಹಳ್ಳಿಯವರ ಪಾಡು ಇನ್ನೂ ದೂರ. 2008ರಲ್ಲಿ ಅಪೀಲು ವಜಾ ಆಯಿತು. ಆ ಆದೇಶಕ್ಕೆ ಕಟ್ಟು ಹಾಕಿಸಿ ಬಾಬಾಸಾಹೇಬರ ಪಟದ ಪಕ್ಕ ಗೋಡೆಗೆ ನೇತುಹಾಕಿದರು. ಹೊಲ ಬಂತು ಅಂತ ಕಾಲೋನಿಗೆಲ್ಲಾ ಪಾಯಸ ಹಂಚಿದರು. ನಾನೂ ಕುಡಿದಿದ್ದೀನಿ, ಆಗ ನನಗೆ ಒಂಬತ್ತು ವರ್ಷ.

ಹೊಲ ಬಂದಿರಲಿಲ್ಲ. ಪಟ ಬಂದಿತ್ತು, ಅಷ್ಟೇ.

2019ರಲ್ಲಿ ಕೇಂದ್ರದವರು ರೈತರ ಖಾತೆಗೆ ವರ್ಷಕ್ಕೆ 6000 ರೂಪಾಯಿ ಹಾಕೋಕೆ ಶುರು ಮಾಡಿದರು. ನಮ್ಮಮ್ಮ ಕೇಳಿದಳು, ‘ನಮಗ್ಯಾಕೆ ಬಂದಿಲ್ಲ, ಹೋಗಿ ವಿಚಾರಿಸೋ’. ಹೋದೆ. ಹದಿನೈದು ರೂಪಾಯಿ ಕೊಟ್ಟು ಪಹಣಿ ತೆಗೆಸಿದೆ. 9ನೇ ಕಾಲಂನಲ್ಲಿ ದೊಡ್ಡಮನೆಯವರ ಮಗನ ಹೆಸರು. 12ನೇ ಕಾಲಂನಲ್ಲೂ ಅವನದೇ. 2019ರ ಫೆಬ್ರವರಿ 1ಕ್ಕೆ ದಾಖಲೆಯಲ್ಲಿ ಯಾರ ಹೆಸರಿತ್ತೋ ಅವರಿಗೇ ಆ ದುಡ್ಡು. ಹನ್ನೊಂದು ವರ್ಷ ನಾವು ಗೋಡೆ ಮೇಲಿನ ಆದೇಶಕ್ಕೆ ಹೂ ಮುಡಿಸಿದ್ದೆವು. ಬರ ಪರಿಹಾರ, ಬೆಳೆ ವಿಮೆ, ಬೀಜದ ಸಬ್ಸಿಡಿ ಎಲ್ಲಾ ಪಹಣಿ ನೋಡಿಕೊಂಡು ಆ ಮನೆಗೆ ಹೋಗಿತ್ತು.

ಅವತ್ತು ನನಗೆ ಗೊತ್ತಾಯಿತು. ಬಿಡಿಸಿಕೊಂಡ ಹೊಲ ಐದು ಕಡೆ ವಾಪಸ್ಸು ಬರಬೇಕು. ಒಂದು ಕಡೆ ತಪ್ಪಿದರೂ ಅದು ಬಂದ ಲೆಕ್ಕ ಅಲ್ಲ. ಪೆನ್ನು ಇದ್ದವರು ಬರೆದುಕೊಳ್ಳಿ.

ಮೊದಲನೆಯದು ಕಾಗದ. ಹರಾಜು ರದ್ದಾದ ಆದೇಶ, ಠೇವಣಿ ಕಟ್ಟಿದ ಚಲನ್, ಎ.ಸಿ. ಆದೇಶ, ಡಿ.ಸಿ. ಆದೇಶ. ಇವುಗಳ ದೃಢೀಕೃತ ನಕಲು ಎರಡೆರಡು ತೆಗೆಸಿ ಬೇರೆ ಬೇರೆ ಮನೆಯಲ್ಲಿಡಿ. ಸಾಗುವಳಿ ಚೀಟಿ ಕಳೆದಿದ್ದರೆ ದರಖಾಸ್ತು ರಿಜಿಸ್ಟರಿನ ನಕಲು ಕೇಳಿ. ಹಳೇ ಕಡತ ಕೋಲಾರದಲ್ಲಿದೆಯೋ ಇಲ್ಲಿಗೆ ಬಂದಿದೆಯೋ ಎರಡು ಕಡೆಯೂ ಕೇಳಿ. ಕೊಡೋದಿಲ್ಲ ಅಂದರೆ 2005ರ ಮಾಹಿತಿ ಹಕ್ಕು ಕಾಯ್ದೆ ಇದೆ. 10 ರೂಪಾಯಿ ಶುಲ್ಕ, 30 ದಿನದಲ್ಲಿ ಉತ್ತರ. ಹತ್ತು ಸಲ ಸಲಾಮು ಹೊಡೆಯೋ ಬದಲು ಒಂದು ಅರ್ಜಿ ಹಾಕಿ.

ಎರಡನೆಯದು ಸ್ವಾಧೀನ. ಪಿ.ಟಿ.ಸಿ.ಎಲ್. 5ನೇ ಸೆಕ್ಷನ್ ಪ್ರಕಾರ ಹೊಲದಲ್ಲಿರೋರನ್ನು ಬಿಡಿಸಿ ಮಂಜೂರಿದಾರನಿಗೋ ಅವನ ವಾರಸುದಾರರಿಗೋ ಒಪ್ಪಿಸೋದು ಎ.ಸಿ.ಯ ಕೆಲಸ. ನಾವೇ ಹೋಗಿ ಜಗಳ ಆಡಿ ಬಿಡಿಸಿಕೊಳ್ಳಬೇಕಾಗಿಲ್ಲ, ಬೇರೆ ದಾವಾ ಹೂಡಬೇಕಾಗಿಲ್ಲ. ಇದಕ್ಕೆ ಸಿವಿಲ್ ಕೋರ್ಟಿನಲ್ಲಿ ತಡೆಯಾಜ್ಞೆ ಕೊಡುವ ಹಾಗಿಲ್ಲ ಅಂತಲೂ ಅದೇ ಸೆಕ್ಷನ್ ಹೇಳುತ್ತೆ. ಎದುರು ಪಾರ್ಟಿಗೆ ಇರೋ ದಾರಿ ಮೂರು ತಿಂಗಳೊಳಗೆ ಡಿ.ಸಿ.ಗೆ ಅಪೀಲು, ಆಮೇಲೆ ಹೈಕೋರ್ಟು. ರೆವೆನ್ಯೂ ಇನ್ಸ್‌ಪೆಕ್ಟರು ಸ್ಥಳಕ್ಕೆ ಬಂದು, ಪಂಚರ ಎದುರು ಮಹಜರು ಬರೆದು, ಅದರ ನಕಲು ನಿಮ್ಮ ಕೈಗೆ ಬರಬೇಕು. ಆಫೀಸಿನಲ್ಲೇ ಕೂತು ಬರೆದ ಮಹಜರಿಗೆ ರುಜು ಹಾಕಬೇಡಿ. ನಮ್ಮಪ್ಪ ಹಾಗೆ ಹಾಕಿದ್ದ. ಹೊಲದೊಳಕ್ಕೆ ಒಂದು ಹೆಜ್ಜೆ ಇಡದೆ ‘ಸ್ವಾಧೀನ ಪಡೆದಿದ್ದೇನೆ’ ಅಂತ ಬರೆದ ಕಾಗದಕ್ಕೆ ರುಜು!

ಮೂರನೆಯದು ಪಹಣಿ. ಆದೇಶ ಆದ ಮೇಲೆ ಮ್ಯುಟೇಷನ್ ಆಗಬೇಕು. ಅದು ತಾನಾಗಿ ಆಗುತ್ತೆ ಅಂತ ಕೂರಬೇಡಿ. ತಹಸೀಲ್ದಾರರಿಗೆ ಆದೇಶದ ನಕಲು ಲಗತ್ತಿಸಿ ಅರ್ಜಿ ಕೊಡಿ, ಸ್ವೀಕೃತಿ ತಗೊಳ್ಳಿ. 9ನೇ ಕಾಲಂನಲ್ಲಿ ಯಾರ ಹೆಸರು, 10ರಲ್ಲಿ ಹೊಲ ಹೇಗೆ ಬಂತು, 11ರಲ್ಲಿ ಋಣ ಇದೆಯಾ, 12ರಲ್ಲಿ ಸಾಗುವಳಿ ಯಾರದು, ಈ ನಾಲ್ಕನ್ನೂ ವರ್ಷಕ್ಕೊಂದು ಸಲ ನೋಡಿ. ಪಹಣಿಯಲ್ಲಿ ಬರೆದದ್ದನ್ನು, ತಪ್ಪು ಅಂತ ರುಜುವಾತು ಆಗೋ ತನಕ, ನಿಜ ಅಂತಲೇ ಕಾನೂನು ಹಿಡಿಯುತ್ತೆ. ಸತ್ತವರ ಹೆಸರಲ್ಲಿದ್ದರೆ ಪೌತಿ ಖಾತೆ ಮಾಡಿಸಿ. ವಂಶವೃಕ್ಷದಲ್ಲಿ ಹೆಣ್ಣುಮಕ್ಕಳ ಹೆಸರು ಬಿಡಬೇಡಿ. ನಮ್ಮ ಚಿಕ್ಕಪ್ಪ ಇಬ್ಬರು ಅತ್ತೆಯರ ಹೆಸರು ಬಿಟ್ಟಿದ್ದ. ‘ಮದುವೆಯಾಗಿ ಹೋದೋರು, ಅವರಿಗ್ಯಾಕೆ’ ಅಂದ. ಎದುರು ಪಾರ್ಟಿ ವಕೀಲರು ಅದನ್ನೇ ಹಿಡಿದು ಆರು ತಿಂಗಳು ಕೇಸು ಎಳೆದರು. ಅದಕ್ಕಿಂತ ಹೆಚ್ಚಾಗಿ, ಅಜ್ಜಿಯ ವಾಲೆಯಿಂದ ಬಿಡಿಸಿಕೊಂಡ ಹೊಲದಲ್ಲಿ ಅಜ್ಜಿಯ ಹೆಣ್ಣುಮಕ್ಕಳಿಗೆ ಪಾಲಿಲ್ಲ ಅಂದರೆ ನಾವು ದೊಡ್ಡಮನೆಯವರಿಗಿಂತ ಹೇಗೆ ಬೇರೆ?

ನಾಲ್ಕನೆಯದು ಕಲ್ಲು. ಹದ್ದುಬಸ್ತಿಗೆ ಅರ್ಜಿ ಕೊಟ್ಟು ಸರ್ವೆಯವರನ್ನು ಕರೆಸಿ ಗಡಿ ಕಲ್ಲು ನೆಡಿಸಿ. ಪಕ್ಕದವರಿಗೆ ನೋಟೀಸು ಹೋಗಿದೆಯಾ ನೋಡಿ. ನಮ್ಮ 1 ಎಕರೆ 30 ಗುಂಟೆ ಅಳೆದಾಗ 1 ಎಕರೆ 19 ಗುಂಟೆ ಸಿಕ್ಕಿತು. 11 ಗುಂಟೆ ಪಕ್ಕದ ಹಿಪ್ಪುನೇರಳೆ ತೋಟದೊಳಗೆ ಸೇರಿತ್ತು.

ಐದನೆಯದು ದಾರಿ, ನೀರು, ಬೆಳೆ. ಹೊಲ ಬಿಟ್ಟುಕೊಟ್ಟು ದಾರಿ ಮುಚ್ಚೋದು ಹಳೇ ಉಪಾಯ. ಊರ ನಕ್ಷೆ ತೆಗೆಸಿ, ಬಂಡಿದಾರಿ ಎಲ್ಲಿದೆ ನೋಡಿ. ಕೊಳವೆಬಾವಿ ಇದ್ದರೆ ಕರೆಂಟಿನ ಆರ್.ಆರ್. ನಂಬರು ಯಾರ ಹೆಸರಲ್ಲಿದೆ ನೋಡಿ. ಹೊಲ ನಿಮ್ಮದು, ಸ್ವಿಚ್ಚು ಅವರದು ಆದರೆ ಬೇಸಿಗೆಯಲ್ಲಿ ಬೆಳೆ ಒಣಗುತ್ತೆ.

ಇಲ್ಲಿಗೆ ಬಂದಾಗ ಅಮ್ಮಂದಿರು ಒಂದು ಮಾತು ಹೇಳ್ತಾರೆ. ‘ಹೊಲ ಬೇಡ ಕಣಪ್ಪಾ, ಜೀವ ಇದ್ರೆ ಸಾಕು’. ನಮ್ಮಮ್ಮನೂ ಹೇಳಿದಳು. ಅದನ್ನು ಹೇಡಿತನ ಅನ್ನಬೇಡಿ. ಕಂಬಾಲಪಲ್ಲಿ ಇರೋದು ಇದೇ ಚಿಂತಾಮಣಿ ತಾಲೂಕಿನಲ್ಲಿ. 2000ನೇ ಇಸವಿ ಮಾರ್ಚ್ 11ರ ರಾತ್ರಿ ಅಲ್ಲಿ ಏಳು ಜನ ದಲಿತರನ್ನು ಮನೆಯಲ್ಲಿ ಸುಟ್ಟು ಕೊಂದರು. ಆರೋಪಿಗಳು ಕೋರ್ಟಿನಲ್ಲಿ ಬಿಡುಗಡೆಯಾದರು. ಅಮ್ಮಂದಿರ ಭಯಕ್ಕೆ ಕಾರಣ ಇದೆ. ಅದಕ್ಕೇ ಹೇಳ್ತೀನಿ, ಹೊಲಕ್ಕೆ ಒಬ್ಬೊಬ್ಬರೇ ಹೋಗಬೇಡಿ. ಕಾನೂನನ್ನು ಜೊತೆಗೆ ಕರೆದುಕೊಂಡು ಹೋಗಿ, ಹತ್ತು ಜನರನ್ನೂ ಕರೆದುಕೊಂಡು ಹೋಗಿ. 1989ರ ದೌರ್ಜನ್ಯ ತಡೆ ಕಾಯ್ದೆಯ 3ನೇ ಸೆಕ್ಷನ್‌ನಲ್ಲಿ, ಪರಿಶಿಷ್ಟರ ಭೂಮಿಯನ್ನು ಅಕ್ರಮವಾಗಿ ಹಿಡಿದುಕೊಳ್ಳೋದು, ಉಳೋದು, ಅಲ್ಲಿಂದ ಒಕ್ಕಲೆಬ್ಬಿಸೋದು, ನೀರಿಗೆ ಅಡ್ಡಿ ಮಾಡೋದು, ಬೆಳೆ ಹಾಳು ಮಾಡೋದು ಅಥವಾ ಹೊತ್ತೊಯ್ಯೋದು ಎಲ್ಲಾ ಅಪರಾಧ. ಆರು ತಿಂಗಳಿಂದ ಐದು ವರ್ಷದ ತನಕ ಜೈಲು. ಹೆದರಿಸಿ ಪಡೆದ ಒಪ್ಪಿಗೆ ಒಪ್ಪಿಗೆಯಲ್ಲ ಅಂತಲೂ ಅಲ್ಲಿದೆ. ವಕೀಲರಿಗೆ ದುಡ್ಡಿಲ್ಲ ಅನ್ನಬೇಡಿ. 1987ರ ಕಾನೂನು ಸೇವೆಗಳ ಕಾಯ್ದೆ ಪ್ರಕಾರ ಪರಿಶಿಷ್ಟರಿಗೂ ಹೆಣ್ಣುಮಕ್ಕಳಿಗೂ ಉಚಿತ ವಕೀಲರು ಸಿಗ್ತಾರೆ. ತಾಲೂಕು ಕೋರ್ಟಿನ ಆವರಣದಲ್ಲೇ ಕೇಳಿ.

ಇನ್ನೊಂದು ಮಾತು, ಇದು ನಮ್ಮೊಳಗಿನದು. ಬಿಡಿಸಿಕೊಂಡ ಹೊಲವನ್ನು ಉಳೋಕೆ ಹಕ್ಕಿದೆ, ಬೆಳೆ ಮಾರೋಕೆ ಹಕ್ಕಿದೆ, ಮಕ್ಕಳಿಗೆ ಪಾಲು ಮಾಡೋಕೆ ಹಕ್ಕಿದೆ. ಹೊಲವನ್ನೇ ಮನಸ್ಸಿಗೆ ಬಂದ ಹಾಗೆ ಮಾರೋಕೆ ಹಕ್ಕಿಲ್ಲ. ಅದು ಮಂಜೂರಾದ ಭೂಮಿಯಾಗೇ ಉಳಿಯುತ್ತೆ, ಸರ್ಕಾರದ ಅನುಮತಿ ಬೇಕು. 2008ರಲ್ಲಿ ದೇವನಹಳ್ಳಿಯಲ್ಲಿ ವಿಮಾನ ನಿಲ್ದಾಣ ಶುರುವಾದ ಮೇಲೆ ನಂದಿಬೆಟ್ಟದ ಸುತ್ತಮುತ್ತ ಬ್ರೋಕರುಗಳು ಬೆಳ್ಳಂಬೆಳಿಗ್ಗೆ ಕಾಲೋನಿಗೆ ಬರ್ತಾರೆ. ‘ಕೇಸಿನ ಖರ್ಚು ನಾವು ನೋಡ್ಕೋತೀವಿ, ಗೆದ್ದ ಮೇಲೆ ನಮಗೆ ಬರೆದುಕೊಡಿ’ ಅಂತಾರೆ. ಜಿ.ಪಿ.ಎ.ಗೆ ರುಜು ಕೇಳ್ತಾರೆ. ಯೋಚನೆ ಮಾಡಿ. ನಮ್ಮ ತಾತನಿಗೆ ಬಿಡಿಸಿಕೊಳ್ಳೋ ದುಡ್ಡು ಕೊಟ್ಟು ಹೊಲ ಹೊಡೆದವರು ಮಾಡಿದ್ದೂ ಇದನ್ನೇ ಅಲ್ಲವಾ? ಅವತ್ತು ಹೆಬ್ಬೆಟ್ಟು, ಇವತ್ತು ರುಜು. ಓದಿದ ಮಗನೇ ರುಜು ಹಾಕಿದರೆ ಯಾವ ಕೋರ್ಟಿನ ಮುಂದೆ ಹೋಗಿ ಗೊತ್ತಿರಲಿಲ್ಲ ಅಂತ ಹೇಳ್ತೀರಿ?

ತೋಟಿ, ತಳವಾರಿ, ನೀರಗಂಟಿ ಇನಾಮ್ತಿ ಜಮೀನಿನ ಬಗ್ಗೆ ಯಾರೋ ಆಗಲೇ ಕೇಳಿದರು. ಅದು ಬೇರೆ ದಾರಿ. ವಂಶಪಾರಂಪರ್ಯ ಹುದ್ದೆಯ ಜಮೀನನ್ನು ಪಿ.ಟಿ.ಸಿ.ಎಲ್. ಕಾಯ್ದೆ ಹೊರಗಿಟ್ಟಿದೆ. ಅದರ ಮರುಮಂಜೂರಾತಿ ಮತ್ತು ಷರತ್ತು 1961ರ ಕಾಯ್ದೆಯಲ್ಲಿದೆ. ಹಾಗಾಗಿ ನಿಮ್ಮ ಹೊಲ ದರಖಾಸ್ತಿನದಾ, ಇನಾಮ್ತಿಯದಾ ಮೊದಲು ನೋಡಿ. ತಪ್ಪು ಬಾಗಿಲು ತಟ್ಟಿ ಹತ್ತು ವರ್ಷ ಕಳೆದವರಿದ್ದಾರೆ. ಊರ ಚಾಕರಿಗೆ ಅಂತ ಕೊಟ್ಟ ಚೂರು ನೆಲ ಹೇಗೆ ಮನುಷ್ಯನನ್ನು ಕಟ್ಟಿಹಾಕುತ್ತೆ ಅಂತ ಬಾಬಾಸಾಹೇಬರಿಗೆ ಚೆನ್ನಾಗಿ ಗೊತ್ತಿತ್ತು. 1928ರಲ್ಲೇ ಮುಂಬಯಿ ಶಾಸನಸಭೆಯಲ್ಲಿ ಮಹಾರ್ ವತನದ ಮೇಲೆ ತಿದ್ದುಪಡಿ ಮಸೂದೆ ಮಂಡಿಸಿದರು. ಆ ಜಗಳವೇ ನಮ್ಮೂರ ತೋಟಿ ಇನಾಮ್ತಿಯ ಜಗಳವೂ ಹೌದು.

ಈಗ ಜೇಬಿನ ಪಹಣಿ ಓದ್ತೀನಿ. ಇದು ಹೊಸದು. 9ನೇ ಕಾಲಂನಲ್ಲಿ ನಮ್ಮಪ್ಪ, ಚಿಕ್ಕಪ್ಪ, ಇಬ್ಬರು ಅತ್ತೆಯರು, ನಾಲ್ಕು ಹೆಸರು. 2021ರಲ್ಲಿ ಮಹಜರು ಆಯಿತು, ಈ ಸಲ ಹೊಲದಲ್ಲೇ ನಿಂತು. ಹೋದ ವರ್ಷ ರಾಗಿ ಬಿತ್ತಿದೆವು. ಅವರೆ ಸಾಲನ್ನು ಅತ್ತೆಯರು ಹಾಕಿದರು. ಎಲ್ಲಾ ಮುಗಿಯಿತು ಅಂತ ಹೇಳೋಕೆ ಆಗೋದಿಲ್ಲ. ದಾರಿ ಇನ್ನೂ ಮುಚ್ಚಿದೆ. ರಾಗಿ ಕೊಯ್ದು ಹೊರೆಗಳನ್ನು ತಲೆ ಮೇಲೆ ಹೊತ್ತು, ಕೆರೆ ಅಂಗಳ ಸುತ್ತಿ ಮನೆಗೆ ತಂದೆವು. 11 ಗುಂಟೆಯ ತಕರಾರೂ ನಡೀತಿದೆ. ಅಜ್ಜಿ ಈ ರಾಗಿ ನೋಡಲಿಲ್ಲ.

ನಿಮಗೆ ಒಂದೇ ಕೆಲಸ ಹೇಳಿ ಮುಗಿಸ್ತೀನಿ. ಮುಂದಿನ ರಜೆಗೆ ಊರಿಗೆ ಹೋದಾಗ ಮನೆಯಲ್ಲಿ ಯಾವ ಮಡಕೆಯಲ್ಲಿ, ಯಾವ ಟ್ರಂಕಿನಲ್ಲಿ ಕಾಗದ ಇದೆಯೋ ಹುಡುಕಿ. ಸರ್ವೆ ನಂಬರು ಬರೆದುಕೊಳ್ಳಿ. ಪಹಣಿ ತೆಗೆಸಿ. ಅಪ್ಪ ಅಮ್ಮನನ್ನು ಕೂರಿಸಿಕೊಂಡು 9ನೇ ಕಾಲಂನಿಂದ 12ರ ತನಕ ಗಟ್ಟಿಯಾಗಿ ಓದಿ ಹೇಳಿ. ಗೋಡೆ ಮೇಲೆ ಆದೇಶಕ್ಕೆ ಕಟ್ಟು ಹಾಕಿಸಿದ್ದರೆ ಇಳಿಸಿ, ಧೂಳು ಒರೆಸಿ, ನಕಲು ತೆಗೆಸಿಕೊಂಡು ತನ್ನಿ. ಹಾಸ್ಟೆಲಿಗೆ ವಾಪಸ್ಸು ಬಂದಾಗ ಎಲ್ಲರೂ ಒಂದು ಕಡೆ ಕೂತು ನೋಡೋಣ. ಗೌರಿಬಿದನೂರಿನವರು ಶಿಡ್ಲಘಟ್ಟದವರ ಪಹಣಿ ಓದಲಿ, ಚಿಂತಾಮಣಿಯವರು ಚಿಕ್ಕಬಳ್ಳಾಪುರದವರದು ಓದಲಿ. ಒಬ್ಬರ ಕಣ್ಣಿಗೆ ಬೀಳದ ತಪ್ಪು ಇನ್ನೊಬ್ಬರಿಗೆ ಕಾಣುತ್ತೆ.

ನಮ್ಮ ತಾತ ತಮಟೆ ಬಾರಿಸಿ ಹರಾಜು ಸಾರಿದ. ಆ ತಮಟೆ ಇನ್ನೂ ನಮ್ಮನೆಯಲ್ಲಿದೆ. ಸರ್ವೆಯವರು ಗಡಿ ಕಲ್ಲು ನೆಟ್ಟ ದಿನ ನಮ್ಮಪ್ಪ ಅದನ್ನು ಬೆಂಕಿಗೆ ಕಾಯಿಸಿ ಹೊಲದ ನಾಲ್ಕು ಮೂಲೆಗೂ ನಡೆದು ಬಾರಿಸಿದ. ಯಾರೂ ಅವನಿಗೆ ಬಾರಿಸು ಅಂತ ಹೇಳಿರಲಿಲ್ಲ.

 ಜೈಭೀಮ್.